ಕೆಂಪು ದಾರದ ದಿಂಬು

ನನ್ನ ಗಂಡನಿಗೆ ನಿದ್ದೆ ನಿಂತ ವಿಷಯ ಮೊದಲು ಗೊತ್ತಾದದ್ದು ನನಗಲ್ಲ, ಹಾಲಿನವನಿಗೆ. ಚಳಿ ಮುಗಿದು ಬೂರುಗದ ಮರಗಳು ಕಾಯಿ ಒಡೆಯುತ್ತಿದ್ದ ದಿನಗಳು. ಬೆಳಗ್ಗೆ ಕ್ಯಾನು ಹಿಡಿದು ಬಂದವನು ಜಗಲಿಯ ಮೇಲೆ ಕಾಲು ಚಾಚಿ ಕೂತಿದ್ದ ಇವರ ಮುಖವನ್ನು ನೋಡಿ, "ಏನ್ ಸ್ವಾಮಿ, ನಿಂತೋಯ್ತಾ?" ಎಂದನಂತೆ. "ಹೂಂ ಕಣಪ್ಪ, ಮೊನ್ನೆಯಿಂದ," ಎಂದರಂತೆ ಇವರು. ಅವನು ಅಳತೆಯ ಮೇಲೆ ಇನ್ನೊಂದು ಪಾವು ಹಾಲು ಸುರಿದು ಹೋದ. ನಮ್ಮ ಊರಿನಲ್ಲಿ ಯಾರ ಮನೆಯಲ್ಲಾದರೂ ನಿದ್ದೆ ನಿಂತರೆ ಹಾಲಿನವರು ಹಾಗೆ ಮಾಡುವುದು ವಾಡಿಕೆ. ಅಡುಗೆಮನೆಗೆ ಬಂದ ಪಾತ್ರೆ ಕಂಠದವರೆಗೆ ತುಂಬಿದ್ದನ್ನು ನೋಡಿ ನನಗೆ ತಿಳಿಯಿತು.

ಅರವತ್ತು ತುಂಬಿದ ವರ್ಷ ನಮ್ಮಲ್ಲಿ ಎಲ್ಲರಿಗೂ ನಿದ್ದೆ ನಿಲ್ಲುತ್ತದೆ. ಆಮೇಲೆ ಏನಿದ್ದರೂ ದಿಂಬಿನಲ್ಲಿ ಕೂಡಿಟ್ಟದ್ದೇ ಗತಿ. ವಯಸ್ಸಿರುವಾಗ ಬರುವ ನಿದ್ದೆಯನ್ನು ತಡೆದು, ಬೂರುಗದ ಹತ್ತಿಯ ದಿಂಬನ್ನು ಮಡಿಲಲ್ಲಿಟ್ಟುಕೊಂಡು ಎಚ್ಚರವಾಗಿ ಕೂತರೆ, ಮಲಗದೆ ಬಿಟ್ಟ ನಿದ್ದೆ ಅದರೊಳಗೆ ಇಳಿಯುತ್ತದೆ. ತುಂಬಿದ ದಿಂಬು ಕೈಗೆ ಭಾರ, ಕೆನ್ನೆಗೆ ತಂಪು. ಮುಂದೆ ಅದರ ಮೇಲೆ ತಲೆಯಿಟ್ಟರೆ ನಿದ್ದೆ ಬರುತ್ತದೆ, ಎದ್ದಾಗ ದಿಂಬು ಅಷ್ಟು ಹಗುರ. ತುಂಬಿದ ಒಂದು ದಿಂಬು ಸುಮಾರು ಒಂದು ತಿಂಗಳು ಬರುತ್ತದೆ. ಇಪ್ಪತ್ತೈದು ದಾಟಿದ ಯಾರ ಮನೆಗೆ ಹೋದರೂ ಸಂಜೆಯ ಮೇಲೆ ಮಡಿಲಲ್ಲೊಂದು ದಿಂಬು ಇದ್ದೇ ಇರುತ್ತದೆ. ಅದನ್ನಿಟ್ಟುಕೊಂಡೇ ಬೀನ್ಸ್ ಮುರಿಯುತ್ತಾರೆ, ಅದನ್ನಿಟ್ಟುಕೊಂಡೇ ಜಗಳವಾಡುತ್ತಾರೆ.

ನಮ್ಮ ಮನೆಯಲ್ಲಿ ದಿಂಬುಗಳಿಗೆಂದೇ ಒಂದು ಕೋಣೆ ಇತ್ತು. ಇವರ ದಿಂಬುಗಳ ಅಂಚಿಗೆ ಕೆಂಪು ದಾರದ ಹೊಲಿಗೆ, ನನ್ನವಕ್ಕೆ ನೀಲಿ. ಗುರುತು ಹಾಕಲೇಬೇಕು, ಏಕೆಂದರೆ ಬೇರೆಯವರ ದಿಂಬಿನ ಮೇಲೆ ಮಲಗಿದರೆ ನಿದ್ದೆ ಬರುತ್ತದೆ ನಿಜ, ಕನಸು ಮಾತ್ರ ಅವರದ್ದೇ ಬೀಳುತ್ತದೆ. ಗುರುತಿಲ್ಲದವರ ಕನಸಾದರೆ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಸಂತೆಯಲ್ಲಿ ಕೊಂಡ ದಿಂಬಿನ ಕನಸು ಸಿನಿಮಾ ಇದ್ದ ಹಾಗೆ, ನೋಡಿ ಮರೆಯುತ್ತಾರೆ. ಆದರೆ ಮನೆಯವರ ದಿಂಬಿನ ಮೇಲೆ ಮಲಗುವುದೆಂದರೆ ಚಿಲಕ ಹಾಕದ ಬಚ್ಚಲಿನ ಬಾಗಿಲು ತಳ್ಳಿದ ಹಾಗೆ. ಹೊಸ ಮದುವೆಯ ಹುಡುಗಿಗೆ ತಾಯಂದಿರು ಹೇಳಿಕೊಡುವ ಮೊದಲ ಮಾತೇ ಅದು: ಒಂದೇ ತಟ್ಟೆಯಲ್ಲಿ ಬೇಕಾದರೆ ಉಣ್ಣು, ಅವನ ದಿಂಬು ಮಾತ್ರ ಮುಟ್ಟಬೇಡ.

ನನಗೆ ಆ ಮಾತು ಹೇಳಲು ತಾಯಿ ಇರಲಿಲ್ಲ. ನನ್ನನ್ನು ಎಂ.ಎಸ್ಸಿ.ವರೆಗೆ ಓದಿಸಿದ್ದು ಅಮ್ಮ, ತನ್ನ ದಿಂಬುಗಳನ್ನು ಒಂದೊಂದಾಗಿ ಮಾರಿ. ಅರವತ್ತು ತುಂಬಿ ನಿದ್ದೆ ನಿಂತಾಗ ಅವಳ ಕೋಣೆಯಲ್ಲಿ ಉಳಿದಿದ್ದು ಖಾಲಿ ಹಲಗೆಗಳು. ಕೆರೆಯ ದಂಡೆಯಲ್ಲಿ ಒಂದು ಉದ್ದನೆಯ ಕಲ್ಲುಕಟ್ಟೆ ಇದೆ. ದಿಂಬು ಮುಗಿದವರು ಅಲ್ಲಿ ಕೂರುತ್ತಾರೆ, ಅದಕ್ಕೆ ಎಚ್ಚರಗಟ್ಟೆ ಎಂದೇ ಹೆಸರು. ನಿದ್ದೆಯಿಲ್ಲದೆ ನಮ್ಮಲ್ಲಿ ಯಾರೂ ಸಾಯುವುದಿಲ್ಲ. ಕಷ್ಟ ಇರುವುದೇ ಅಲ್ಲಿ. ಕಣ್ಣು ತೆರೆದೇ ಇರುತ್ತದೆ, ಮಾತು ಕಡಿಮೆಯಾಗುತ್ತ ಬರುತ್ತದೆ, ಶುರು ಮಾಡಿದ ವಾಕ್ಯ ಎಲ್ಲಿ ಮುಗಿಯಬೇಕೆಂದು ಮರೆತುಹೋಗುತ್ತದೆ. ಅಮ್ಮ ಆ ಕಟ್ಟೆಯ ಮೇಲೆ ವರ್ಷಗಟ್ಟಲೆ ಕೂತಳು. ಕಾಲೇಜಿಗೆ ಹೋಗುವ ಮುಂಚೆ ನಾನು ಕಾಫಿ ತೆಗೆದುಕೊಂಡು ಹೋಗುತ್ತಿದ್ದೆ. ಹೋಗುವಷ್ಟರಲ್ಲಿ ಅದು ಯಾವಾಗಲೂ ಆರಿರುತ್ತಿತ್ತು. ನನ್ನ ಮದುವೆಯ ಹಿಂದಿನ ವರ್ಷ ಅಮ್ಮ ತೀರಿಕೊಂಡಳು. ಇವರು ಅವಳನ್ನು ನೋಡಿದವರಲ್ಲ. ಮನೆಯಲ್ಲಿ ಅವಳದೊಂದು ಫೋಟೋ ಕೂಡ ಇಲ್ಲ.

ನಾನು ಕಾಲೇಜಿನಲ್ಲಿ ಭೌತಶಾಸ್ತ್ರ ಪಾಠ ಮಾಡಿದವಳು. ಯಾವುದನ್ನೂ ಅಳೆಯದೆ ನಂಬುವ ಅಭ್ಯಾಸವಿಲ್ಲ. ಇಪ್ಪತ್ತೈದನೆಯ ವಯಸ್ಸಿನಿಂದ ದಿನಕ್ಕೆ ನಾಲ್ಕು ಗಂಟೆ ಮಾತ್ರ ಮಲಗಿ ಉಳಿದದ್ದನ್ನೆಲ್ಲ ಕೂಡಿಟ್ಟೆ. ಹಳೆಯ ದಿಂಬಿನಲ್ಲಿ ನಿದ್ದೆ ವರ್ಷ ವರ್ಷಕ್ಕೆ ಸ್ವಲ್ಪ ಸ್ವಲ್ಪ ಆರಿಹೋಗುತ್ತದೆಂದು ಪ್ರಯೋಗಾಲಯದ ತಕ್ಕಡಿಯಲ್ಲಿ ತೂಗಿ ಕಂಡುಕೊಂಡೆ. ಹಳೆಯದನ್ನು ಮೊದಲು ಬಳಸುವಂತೆ ಜೋಡಿಸಿದೆ. ಮಕ್ಕಳಾಗಲಿಲ್ಲ, ಹಾಗಾಗಿ ಯಾರಿಗಾಗಿಯೂ ಮಾರುವ ಪ್ರಶ್ನೆ ಬರಲಿಲ್ಲ. ಇವರು ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿದ್ದವರು, ಹೆಸರು ಮರುಳಸಿದ್ದಪ್ಪ. ನನ್ನ ಒತ್ತಾಯಕ್ಕೆ ತಾವೂ ಕೂಡಿಟ್ಟರು. ನನಗಿಂತ ಮೂರು ವರ್ಷ ದೊಡ್ಡವರು. ಇವರಿಗೆ ನಿದ್ದೆ ನಿಂತದ್ದು ತಿಳಿದ ದಿನ ನಾನು ಕೂತು ಲೆಕ್ಕ ಹಾಕಿದೆ. ಇಬ್ಬರೂ ತೊಂಬತ್ತು ವರ್ಷ ಬದುಕುತ್ತೇವೆ ಎಂದಿಟ್ಟುಕೊಂಡರೆ, ದಿನಕ್ಕೆ ತಲಾ ನಾಲ್ಕು ಗಂಟೆ. ಅದೂ ನನಗೆ ಉಳಿದಿದ್ದ ಮೂರು ವರ್ಷ ನಾನು ಕೂಡಿಡುತ್ತಲೇ ಹೋದರೆ. ಇವರ ನಾಲ್ಕು ಗಂಟೆಯನ್ನೂ ನನ್ನ ನಾಲ್ಕು ಗಂಟೆಯನ್ನೂ ಒಂದೇ ಹೊತ್ತಿಗೆ ಹೊಂದಿಸಿದೆ. ಇವರು ಮಲಗಿದ ಮೇಲೆ ನಾನು ಮಲಗುವುದು, ಇವರಿಗಿಂತ ಮುಂಚೆ ಏಳುವುದು. ಮದುವೆಯಾದಾಗಿನಿಂದ ಹಾಗೆಯೇ ನಡೆದಿತ್ತು.

"ಸಾಕಾಗುತ್ತಾ ನಿಮಗೆ?" ಎಂದು ಕೇಳಿದೆ.

"ಸಾಕು," ಎಂದರು.

"ಬೇರೇನಾದ್ರೂ ಬೇಕು ಅನ್ಸಿದ್ರೆ ಈಗಲೇ ಹೇಳಿ. ಲೆಕ್ಕದಲ್ಲಿ ಸೇರಿಸ್ಬೋದು."

"ನನಗೇನ್ ಬೇಕೇ ಮಂಗಳಾ. ಏನೂ ಬೇಡ."

ಇವರ ಉತ್ತರ ಯಾವಾಗಲೂ ಅಷ್ಟೇ. ಹೊಸ ಅಂಗಿಗೂ ಅಷ್ಟೇ, ಹೋಳಿಗೆಗೂ ಅಷ್ಟೇ.

ಇವರ ಡಿಪೋ ಗೆಳೆಯ ಬಾಬಾಜಾನ್ ಒಂದು ದಿನ ಬಂದರು. ಅವರಿಗೆ ನಿದ್ದೆ ನಿಂತು ಎರಡು ವರ್ಷವಾಗಿತ್ತು. ನಮ್ಮ ನಡುಮನೆಯ ಬಾಗಿಲ ಬಳಿ ಒಂದು ಕಲ್ಲುಚಪ್ಪಡಿ ಸಡಿಲವಾಗಿದೆ. ಯಾರು ಕಾಲಿಟ್ಟರೂ ಟಕ್ಕೆಂದು ಸದ್ದು ಮಾಡುತ್ತದೆ. ಬಾಬಾಜಾನ್ ಬೇಕೆಂದೇ ಅದರ ಮೇಲೆ ಎರಡು ಸಲ ತುಳಿದರು.

"ಏನ್ ಅತ್ತಿಗೆ, ಊರಿನ ಬಸ್ಸೆಲ್ಲ ರಿಪೇರಿ ಮಾಡಿದ ಮನುಷ್ಯ ಈ ಕಲ್ಲೊಂದನ್ನ ಮಾಡಿಲ್ವಲ್ಲ!"

"ಕಳ್ಳ ಬಂದ್ರೆ ಗೊತ್ತಾಗಲಿ ಅಂತ ಬಿಟ್ಟಿದೀನೋ," ಎಂದರು ಇವರು.

"ನಿಮ್ಮನೇಲಿ ಅತ್ತಿಗೆ ಯಾವಾಗಲೂ ಎಚ್ಚರ. ಕಳ್ಳ ಎಲ್ಲಿಂದ ಬರ್ತಾನೆ?" ಎಂದು ನಕ್ಕು, ಇವರ ಕಣ್ಣು ನೋಡಿ ಬಾಬಾಜಾನ್ ದನಿ ತಗ್ಗಿಸಿದರು. "ನಾಲ್ಕೇ ಗಂಟೆ ಅಂತೆ? ಕೆಟ್ಟು ನಿಂತ ಇಂಜಿನ್ನಿಗೂ ಇದಕ್ಕಿಂತ ಜಾಸ್ತಿ ರೆಸ್ಟ್ ಕೊಡ್ತಿದ್ವಿ ಅತ್ತಿಗೆ."

"ಲೆಕ್ಕ ಹಾಕಿಯೇ ಕೊಡ್ತಿರೋದು."

"ಲೆಕ್ಕ ಹಾಕೋಕೆ ಜನ ಇದಾರೆ. ಚಂದ್ರಮತಿಯಮ್ಮನ ಹತ್ರ ಹೋಗಿ. ನಾವು ಹೋಗೋದು ಅಲ್ಲೇ."

ಚಂದ್ರಮತಿಯವರು ನಮ್ಮ ಊರಿನ ಹೆಸರುವಾಸಿ ದಿಂಬು ಸಲಹೆಗಾರರು. ಯಾವ ದಿಂಬು ಯಾವಾಗ ತೆಗೆಯಬೇಕು, ಎಷ್ಟು ಮಲಗಬೇಕು, ಎಷ್ಟು ಉಳಿಸಬೇಕು ಎಂದು ಹೇಳುವುದು ಅವರ ವೃತ್ತಿ. ಅವರ ಸಂಬಳ ದಿಂಬಿನಲ್ಲೇ. ಮೊದಲ ಭೇಟಿಗೆ ಒಂದು ದಿಂಬು, ಒಪ್ಪಿಗೆಯಾದರೆ ಆಮೇಲೆ ಪ್ರತಿ ವರ್ಷ ಬಳಸುವ ಹತ್ತು ದಿಂಬಿಗೆ ಒಂದು.

"ಹತ್ತಕ್ಕೊಂದು ಯಾವುದಕ್ಕೆ? ಕೂಡಿ ಭಾಗಿಸೋದಕ್ಕಾ?" ಎಂದೆ. "ಅದೂ ಅಲ್ಲದೆ ಆಕೆಗೂ ಅರವತ್ತು ದಾಟಿದೆ. ನಮ್ಮ ದಿಂಬು ಎಷ್ಟು ದಿನ ಬರುತ್ತೆ ಅಂತ ಹೇಳೋರೂ ಅವರೇ, ಅದರ ಮೇಲೆ ಮಲಗೋರೂ ಅವರೇ. ಚೆನ್ನಾಗಿದೆ!"

"ಅದೇನ್ ಮಾಡ್ತಾರೋ ನನಗೆ ಗೊತ್ತಿಲ್ಲ. ನನಗೂ ನಮ್ಮ ಖೈರುನ್ನೀಸಾಗೂ ಜಗಳ ನಿಂತಿದೆ. ಅಷ್ಟು ಸಾಕು ನಂಗೆ."

ಬಾಬಾಜಾನ್ ಹೋದ ಮೇಲೆ ನನಗೆ ಸಮಾಧಾನವಾಗಲಿಲ್ಲ. ತಪ್ಪು ನನ್ನದೇ ಇದ್ದರೆ? ನಮ್ಮ ಬೀದಿಯಲ್ಲೂ ಹಿಂದಿನ ಬೀದಿಯಲ್ಲೂ ಅರವತ್ತು ದಾಟಿದವರ ಮನೆಗಳಿಗೆ ಹೋಗಿ, ಅದೂ ಇದೂ ಮಾತಾಡುತ್ತ ವಿಚಾರಿಸಿದೆ. ಸಲಹೆಗಾರರಿಗೆ ಕೊಟ್ಟವರಲ್ಲಿ ಕೆಲವರ ಕೋಣೆ ತುಂಬಿತ್ತು, ಕೆಲವರದು ಬರಿದಾಗುತ್ತಿತ್ತು. ಕೊಡದವರಲ್ಲೂ ಹಾಗೆಯೇ. ಮೇಲ್ನೋಟಕ್ಕೆ ಕೊಟ್ಟವರು ತುಸು ನೆಮ್ಮದಿಯಾಗಿದ್ದಂತೆ ಕಂಡರೂ, ಸಲಹೆ ಕೇಳಲು ಹೋಗುವವರು ಮೊದಲೇ ಜಾಗರೂಕರಾಗಿದ್ದವರಿರಬಹುದು. ಆ ನೆಮ್ಮದಿಯ ಪುಣ್ಯವನ್ನು ಸಲಹೆಗಾರರಿಗೆ ಬರೆಯುವಂತಿಲ್ಲ. ಹಿಂದಿನ ಬೀದಿಯ ಒಬ್ಬರು ಚಂದ್ರಮತಿಯವರ ಮಾತು ಕೇಳಿ ಒಂದಷ್ಟು ದಿಂಬುಗಳನ್ನು ಬಾಡಿಗೆಯ ಉಗ್ರಾಣದಲ್ಲಿ ಇಟ್ಟಿದ್ದರು. ಅವು ಮಳೆಗಾಲದಲ್ಲಿ ನೆನೆದು, ನಿದ್ದೆಯೆಲ್ಲ ಸೋರಿ ವಾಪಸ್ಸು ಬಂದಿದ್ದವು. "ಆಯಮ್ಮನೇ ಬಂದು ತಪ್ಪಾಯ್ತು ಅಂದ್ರು. ಅಂದ್ರೇನು ಬಂತು?" ಎಂದರು ಅವರು. ನನ್ನ ಮಟ್ಟಿಗೆ ವಿಷಯ ಅಲ್ಲಿಗೆ ಮುಗಿಯಿತು.

ಇವರಿಗೆ ಮುಗಿದಿರಲಿಲ್ಲ. ಒಂದು ಮಧ್ಯಾಹ್ನ ಸೈಕಲ್ ಚೈನಿಗೆ ಎಣ್ಣೆ ಬಿಡುತ್ತ, ನನ್ನ ಕಡೆ ನೋಡದೆ, "ಒಂದ್ ಸಲ ಹೋಗ್ ಬರಣ," ಎಂದರು. "ನನ್ನ ದಿಂಬೇ ಕೊಡ್ತೀನಿ. ನಿನ್ನದನ್ನ ಮುಟ್ಟಲ್ಲ."

ಏನೂ ಬೇಡ ಎನ್ನುವ ಮನುಷ್ಯ ಒಂದು ಕೇಳಿದಾಗ ಇಲ್ಲ ಎನ್ನುವುದು ಹೇಗೆ?

ಚಂದ್ರಮತಿಯವರ ಮನೆ ಕೆರೆಯ ಆಚೆ ದಿಬ್ಬದ ಮೇಲಿತ್ತು. ಎಪ್ಪತ್ತರ ಆಸುಪಾಸಿನ ಹೆಂಗಸು. ಚೆನ್ನಾಗಿ ಮಲಗಿದವರ ಮುಖ, ಎಣ್ಣೆ ಹಚ್ಚಿ ಬಿಗಿಯಾಗಿ ಕಟ್ಟಿದ ಬಿಳಿ ತುರುಬು. ನಾವು ಕೂರುತ್ತಿದ್ದಂತೆ ನಾನು ನನ್ನ ಲೆಕ್ಕದ ಹಾಳೆಗಳನ್ನು ಮುಂದಿಟ್ಟೆ. ಅವರು ಅವನ್ನು ಬದಿಗೆ ಸರಿಸಿ, ಇವರ ಕೈಯಲ್ಲಿದ್ದ ಕೆಂಪು ದಾರದ ದಿಂಬನ್ನು ತೆಗೆದುಕೊಂಡರು. ಎರಡು ಕೈಯಲ್ಲೂ ಹಿಡಿದು ತೂಗಿ ನೋಡಿದರು.

"ಯಾವ ಕಾಲದ್ದು?"

"ನನ್ನ ನಲವತ್ತನೇ ವಯಸ್ಸಿಂದು," ಎಂದರು ಇವರು.

"ಸರಿ. ನಾಳೆ ಸಾಯಂಕಾಲ ಬನ್ನಿ."

"ಲೆಕ್ಕ ನೋಡೋದಿಲ್ವಾ?" ಎಂದೆ.

"ನೋಡೋಣಂತೆ. ಲೆಕ್ಕ ಎಲ್ಲಿಗೆ ಓಡಿಹೋಗುತ್ತೆ ಮೇಡಂ?"

ದಾರಿಯುದ್ದಕ್ಕೂ ನಾನು ಗೊಣಗಿದೆ. ಒಂದು ಮಾತೂ ಆಡದೆ ಒಂದು ಇಡೀ ದಿಂಬು ಒಳಗಿಟ್ಟುಕೊಂಡರಲ್ಲ ಎಂದೆ. ಇವರು ಸೈಕಲ್ ತಳ್ಳುತ್ತ, "ಹೋಗ್ಲಿ ಬಿಡೇ, ಪಾಪ ಅವರೂ ಮಲಗಬೇಡ್ವಾ," ಎಂದರು.

ಮರುದಿನ ಸಂಜೆ ಹೋದಾಗ ಹಾಳೆಗಳು ಅವರ ಮುಂದೆ ಹರಡಿದ್ದವು. ಒಂದು ಕಡೆ ಮಾತ್ರ ಪೆನ್ಸಿಲ್ ಗುರುತಿತ್ತು.

"ನಿಮ್ಮ ಲೆಕ್ಕದಲ್ಲಿ ತಪ್ಪು ಹುಡುಕಿ ಹುಡುಕಿ ಸಾಕಾಯ್ತು," ಎಂದರು. "ಹತ್ತಿ ಹಳತಾಗೋದನ್ನೂ ಸೇರಿಸಿದೀರಲ್ಲ, ಅದು ನನಗೇ ಗೊತ್ತಿರ್ಲಿಲ್ಲ. ಇನ್ನು ಮೇಲೆ ಬೇರೆಯವರಿಗೂ ಹೇಳ್ತೀನಿ. ನಿಮ್ಮಷ್ಟು ಚೆನ್ನಾಗಿ ನನಗೆ ಬರಲ್ಲ."

ನನಗೆ ಹೆಮ್ಮೆಯಾಯಿತು ಎಂದರೆ ಸುಳ್ಳಲ್ಲ.

"ಒಂದೇ ಒಂದು ಬದಲಾವಣೆ," ಎಂದು ಅವರು ಪೆನ್ಸಿಲ್ ಗುರುತಿನ ಮೇಲೆ ಬೆರಳಿಟ್ಟರು. "ಮೇಡಂ, ನೀವು ಕೂಡಿಡೋದನ್ನ ಇವತ್ತೇ ನಿಲ್ಲಿಸಿ. ಇನ್ನು ಮೂರು ವರ್ಷ ನಿಮಗೆ ನಿದ್ದೆ ತಾನಾಗಿ ಬರುತ್ತೆ. ಅದನ್ನ ದಿಂಬಿಗೆ ಹಾಕ್ಬೇಡಿ. ಮಲಗಿ."

ಕೇಳಿದ್ದು ಸರಿಯೇ ಎಂದು ನಾನು ಒಂದು ಗಳಿಗೆ ಯೋಚಿಸಿದೆ. ಕೊನೆಯ ಮೂರು ವರ್ಷದ ನಿದ್ದೆ ಎಲ್ಲಕ್ಕಿಂತ ಹೊಸದು, ಹೆಚ್ಚು ಕಾಲ ಬಾಳುವಂಥದ್ದು. ಅದನ್ನು ಬಿಟ್ಟರೆ ನನ್ನ ಎಂಬತ್ತೇಳನೆಯ ವಯಸ್ಸಿನ ಸುಮಾರಿಗೇ ಕೋಣೆ ಖಾಲಿಯಾಗುತ್ತದೆ. ಅದನ್ನೇ ಹೇಳಿದೆ.

"ಹೌದು," ಎಂದರು.

"ಆಮೇಲೆ ಎಚ್ಚರಗಟ್ಟೆ."

"ಇರಬಹುದು. ಬದುಕಿದ್ರೆ."

"ಕಾರಣ ಏನು?"

"ಕಾರಣ ಹೇಳೋ ಹಾಗಿಲ್ಲ ಮೇಡಂ. ನಮ್ಮ ವೃತ್ತಿಯಲ್ಲಿ ಅದೊಂದು ಕಟ್ಟು. ಏನು ಮಾಡಬೇಕು ಅಂತ ಹೇಳ್ತೀವಿ, ಯಾಕೆ ಅಂತ ಹೇಳಲ್ಲ."

"ಹೇಗೆ ಬಂತು ಅಂತ ಹೇಳದೆ ಉತ್ತರ ಮಾತ್ರ ಬರೆದ ಹುಡುಗರಿಗೆ ನಾನು ಸೊನ್ನೆ ಕೊಡ್ತಿದ್ದೆ," ಎಂದೆ. ದನಿ ನಾನು ಅಂದುಕೊಂಡದ್ದಕ್ಕಿಂತ ಗಟ್ಟಿಯಾಗಿತ್ತು.

"ಕೊಡಿ," ಎಂದರು ಚಂದ್ರಮತಿಯವರು, ಸ್ವಲ್ಪವೂ ಬೇಸರವಿಲ್ಲದೆ. "ಯೋಚನೆ ಮಾಡಿ. ಮುಂದಕ್ಕೆ ಹತ್ತಕ್ಕೊಂದು ಕೊಡಬೇಕೋ ಬೇಡವೋ ಆಮೇಲೆ ತೀರ್ಮಾನ ಮಾಡಿ. ಬೇಡ ಅಂದ್ರೂ ನನಗೆ ಕೋಪ ಇಲ್ಲ."

ವಾಪಸ್ಸು ಬರುವಾಗ ಕೆರೆ ದಂಡೆಯ ಮೇಲೆ ಬಂದೆವು. ಸಾಮಾನ್ಯವಾಗಿ ನಾನು ಆ ದಾರಿ ಹಿಡಿಯುವುದಿಲ್ಲ. ಕಟ್ಟೆಯ ಮೇಲೆ ಐದಾರು ಮಂದಿ ಕೂತಿದ್ದರು. ಒಬ್ಬ ಮುದುಕಿ ನನ್ನನ್ನು ಕಂಡು ಏನೋ ಹೇಳಲು ಬಾಯಿ ತೆರೆದು, ಅರ್ಧಕ್ಕೆ ಮರೆತು, ಪಕ್ಕದ ಕಲ್ಲನ್ನು ಸೆರಗಿನಿಂದ ಒರೆಸಿ ನನಗೆ ಜಾಗ ಮಾಡಿಕೊಟ್ಟಳು. ನಾನು ಬೇಗ ಬೇಗ ನಡೆದೆ. ಇವರು ಹಿಂದೆ ಉಳಿದು, ಆಕೆಗೆ ಕೈ ಮುಗಿದು ಬಂದರು.

"ನೀವ್ಯಾಕೆ ಅಲ್ಲಿ ಬಾಯಿ ಬಿಡಲಿಲ್ಲ?" ಎಂದು ಮನೆಗೆ ಬಂದ ಮೇಲೆ ಕೇಳಿದೆ.

"ಆಯಮ್ಮ ಹೇಳಿದ್ದು ನನಗೆ ಇಷ್ಟ ಆಯ್ತು."

"ಇಷ್ಟ ಆಗೋದಕ್ಕೂ ಸರಿ ಇರೋದಕ್ಕೂ ವ್ಯತ್ಯಾಸ ಇಲ್ವಾ? ನೀವು ಹೇಳಿ, ಯಾಕೆ ಇಷ್ಟ ಆಯ್ತು?"

"ನನಗೆ ಅದನ್ನೆಲ್ಲ ಬಿಡಿಸಿ ಹೇಳೋಕೆ ಬರಲ್ಲ ಕಣೇ," ಎಂದು ಇವರು ಟಕ್ಕೆಂದು ಚಪ್ಪಡಿ ತುಳಿದು ಹೊರಗೆ ಹೋದರು.

ಆ ಸಂಜೆಯೂ ನಾನು ದಿಂಬನ್ನು ಮಡಿಲಲ್ಲಿಟ್ಟುಕೊಂಡೇ ಕೂತೆ. ಮುಂದಿನ ಕೆಲವು ದಿನಗಳೂ ಅಷ್ಟೇ. ಆದರೆ ತಲೆಯಲ್ಲಿ ಒಂದು ಪ್ರಶ್ನೆ ಸುತ್ತುತ್ತಿತ್ತು. ಆ ಹೆಂಗಸು ಮೂರ್ಖಳಲ್ಲ. ನನ್ನ ಲೆಕ್ಕವನ್ನು ಪೂರ್ತಿ ಒಪ್ಪಿದಳು. ಲೆಕ್ಕ ಒಪ್ಪಿದವಳು ಲೆಕ್ಕಕ್ಕೆ ವಿರುದ್ಧವಾದ ಮಾತು ಹೇಳಬೇಕಾದರೆ ಅವಳ ಹತ್ತಿರ ನನ್ನಲ್ಲಿಲ್ಲದ ಯಾವುದೋ ಮಾಹಿತಿ ಇರಬೇಕು. ನಮ್ಮ ಬಗ್ಗೆ ಯಾರನ್ನೂ ವಿಚಾರಿಸಿರಲಿಲ್ಲ. ಮೊದಲ ದಿನಕ್ಕೂ ಎರಡನೆಯ ದಿನಕ್ಕೂ ನಡುವೆ ಅವಳ ಕೈಯಲ್ಲಿದ್ದದ್ದು ನನ್ನ ಹಾಳೆಗಳು, ಮತ್ತು ಒಂದು ದಿಂಬು.

ಈಳಿಗೆಮಣೆಯ ಮುಂದೆ ಕೂತು ಸೋರೆಕಾಯಿ ಹೆಚ್ಚುತ್ತಿದ್ದವಳು ಹಾಗೆಯೇ ಕೈ ನಿಲ್ಲಿಸಿದೆ. ಊರಿಗೆ ಊರೇ ಅದನ್ನು ಕೂಲಿ ಎಂದುಕೊಂಡಿತ್ತು. ಸಲಹೆಗಾರರು ಅದರ ಮೇಲೆ ಮಲಗುತ್ತಾರೆಂದು ಎಲ್ಲರಿಗೂ ಗೊತ್ತು. ಬೇರೆಯವರ ದಿಂಬಿನ ಮೇಲೆ ಮಲಗಿದರೆ ಅವರ ಕನಸು ಬೀಳುತ್ತದೆಂದೂ ಗೊತ್ತು. ಇವೆರಡನ್ನೂ ಪಕ್ಕಪಕ್ಕ ಇಟ್ಟು ನೋಡಿದವರು ಯಾರೂ ಇರಲಿಲ್ಲ, ತಕ್ಕಡಿ ಹಿಡಿದು ಕೂತಿದ್ದ ನಾನೂ ಸೇರಿ. ಚಂದ್ರಮತಿಯವರು ಆ ದಿಂಬನ್ನು ಸಂಬಳವೆಂದು ಪಡೆದಿರಲಿಲ್ಲ. ಅವರು ಮಾಡಿದ ಕೆಲಸವೇ ಅದು.

ಒಂದು ಪ್ರಯೋಗದ ಫಲಿತಾಂಶವನ್ನು ನಂಬಬೇಕಾದರೆ ಅದನ್ನು ಇನ್ನೊಬ್ಬರು ಮಾಡಿ ನೋಡಬೇಕು. ನಾನು ನನಗೆ ಹೇಳಿಕೊಂಡದ್ದು ಅದು. ಇವರು ಬಾಬಾಜಾನ್ ಜೊತೆ ಸಂತೆಗೆ ಹೋದ ಮಧ್ಯಾಹ್ನ ಕೋಣೆಗೆ ಹೋಗಿ ಕೆಂಪು ದಾರದ ಒಂದು ದಿಂಬನ್ನು ಇಳಿಸಿದೆ. ಕಿಟಕಿ ಮುಚ್ಚಿ, ಇವರ ಮಂಚದ ಮೇಲಲ್ಲ, ನೆಲದ ಮೇಲೆ ಚಾಪೆ ಹಾಸಿ ಮಲಗಿದೆ. ಇಡೀ ದಿಂಬು ಬೇಡ, ಸ್ವಲ್ಪ ಹೊತ್ತು ಸಾಕು ಎಂದುಕೊಂಡೆ.

ಕನಸಿನಲ್ಲಿ ನಾನು ಬಸ್ಸು ಓಡಿಸುತ್ತಿದ್ದೆ. ನನ್ನ ಕೈಗಳು ಇವರ ಕೈಗಳು, ಉಗುರಿನಲ್ಲಿ ಕಪ್ಪು ಎಣ್ಣೆ. ಬಸ್ಸಿನಲ್ಲಿ ಪ್ರಯಾಣಿಕರಿಲ್ಲ. ದಾರಿ ಎಲ್ಲಿಗೆ ಹೋಗುತ್ತದೆಂದು ಗೊತ್ತಿಲ್ಲ, ಗೊತ್ತಾಗಬೇಕೆಂದೂ ಇಲ್ಲ. ಮೇಲಿನ ಕನ್ನಡಿಯಲ್ಲಿ ನೋಡಿದರೆ ಹಿಂದಿನ ಉದ್ದ ಸೀಟಿನ ಮೇಲೆ ಒಬ್ಬಳು ಮಲಗಿದ್ದಳು. ಬಾಯಿ ಸ್ವಲ್ಪ ತೆರೆದಿತ್ತು, ಒಂದು ಚಪ್ಪಲಿ ಕೆಳಗೆ ಬಿದ್ದಿತ್ತು, ಮಡಿಲಲ್ಲಿ ದಿಂಬಿರಲಿಲ್ಲ. ನಾನೇ. ಎದುರಿಗೆ ಗುಂಡಿ ಬಂದರೆ ಇವರ ಪಾದ ಬ್ರೇಕಿನ ಮೇಲೆ ಹೂವಿನ ಹಾಗೆ ಇಳಿಯುತ್ತಿತ್ತು. ಬಸ್ಸು ಗುಂಡಿಯನ್ನು ಬಳಸಿಕೊಂಡು ಮೆಲ್ಲಗೆ ಸಾಗುತ್ತಿತ್ತು. ಮತ್ತೆ ಕನ್ನಡಿ. ಎದ್ದಿಲ್ಲ. ಆಗ ಎದೆಯಲ್ಲಿ ಆಗುತ್ತಿದ್ದುದಕ್ಕೆ ಏನೆನ್ನಬೇಕೋ ನನಗೆ ತಿಳಿಯದು. ಅಷ್ಟು ಸಂತೋಷ ನನ್ನ ಸ್ವಂತ ಕನಸುಗಳಲ್ಲಿ ಎಂದೂ ಆದದ್ದಿಲ್ಲ.

ಎದ್ದು ಕೂತೆ. ಒಂದು ಸಲ ಕಂಡದ್ದು ಆಕಸ್ಮಿಕವಿರಬಹುದು. ಇನ್ನೊಂದು ದಿಂಬು ತೆಗೆದೆ, ಬೇರೆ ಕಾಲದ್ದು, ನಮ್ಮ ಮದುವೆಯಾದ ಹೊಸತರದ್ದು. ಅದರಲ್ಲಿ ಬಸ್ಸಿರಲಿಲ್ಲ. ಯಾವುದೋ ಮದುವೆಮನೆಯ ಗಲಾಟೆ, ವಾಲಗ, ಊಟದ ಪಂಕ್ತಿ. ಇವರು ಒಂದು ಬಾಗಿಲಿಗೆ ಅಡ್ಡ ನಿಂತು ಒಳಗೆ ಬರುವವರಿಗೆಲ್ಲ ತುಟಿಯ ಮೇಲೆ ಬೆರಳಿಟ್ಟು ತೋರಿಸುತ್ತಿದ್ದರು. ಬಾಗಿಲ ಹಿಂದೆ ಯಾರು ಮಲಗಿದ್ದಾರೆಂದು ತಿರುಗಿ ನೋಡಬೇಕಾಗಿಯೇ ಇರಲಿಲ್ಲ.

ಕಣ್ಣು ಬಿಟ್ಟಾಗ ಇವರು ಬಾಗಿಲಲ್ಲಿ ನಿಂತಿದ್ದರು, ಕೈಯಲ್ಲಿ ತರಕಾರಿ ಚೀಲ. ಎಷ್ಟು ಹೊತ್ತಿನಿಂದಲೋ. ನನ್ನ ತಲೆಯ ಕೆಳಗಿದ್ದ ಕೆಂಪು ದಾರವನ್ನು ನೋಡಿದರು, ಪಕ್ಕದಲ್ಲಿದ್ದ ಇನ್ನೊಂದನ್ನೂ ನೋಡಿದರು. ನಾಚಿಕೆಯಿಂದ ನಾನು ಚಾಪೆಯ ಅಂಚು ಸುತ್ತತೊಡಗಿದೆ. ಬೈದರೂ ಸರಿ, ಬಾಬಾಜಾನ್ ಮುಂದೆ ಹೇಳಿದರೂ ಸರಿ ಎಂದುಕೊಂಡೆ.

ಇವರ ಕಿವಿ ಕೆಂಪಾಗಿತ್ತು. "ಬಸ್ಸಿತ್ತಾ?" ಎಂದು ಕೇಳಿದರು.

"ಇತ್ತು."

"ಗೇರ್ ಬಾಕ್ಸ್ ಸ್ವಲ್ಪ ಸದ್ದು ಮಾಡುತ್ತೆ ಅದು. ಸರಿ ಮಾಡೋಕೆ ಆಗಿಲ್ಲ," ಎಂದು ಹೇಳಿ, ಚೀಲವನ್ನು ಇಳಿಸಿ, ಟೊಮೇಟೊ ಒಂದೊಂದಾಗಿ ಬುಟ್ಟಿಗೆ ಹಾಕತೊಡಗಿದರು.

ಮರುದಿನ ಬೆಳಗ್ಗೆ ಒಬ್ಬಳೇ ಚಂದ್ರಮತಿಯವರ ಮನೆಗೆ ಹೋದೆ. ನೀವು ಏನು ನೋಡಿದಿರಿ ಎಂದು ನನಗೆ ಗೊತ್ತಾಯಿತು, ನಾನೂ ನೋಡಿದೆ ಎಂದೆ. ಅವರು ಹುಬ್ಬೇರಿಸಿದರು. ಕಟ್ಟು ಮುರಿಯುವ ಹೆಂಗಸಲ್ಲ.

"ಆ ಒಂದು ದಿಂಬು ದಂಡವಾಗಲಿಲ್ಲ," ಎಂದೆ. "ಆದರೆ ಹತ್ತಕ್ಕೊಂದು ಕೊಡೋಕೆ ಮನಸ್ಸಿಲ್ಲ. ಲೆಕ್ಕ ನನಗೆ ಬರುತ್ತೆ. ಇನ್ನೊಂದು ಕೆಲಸ ಏನಿದೆಯೋ ಅದನ್ನೂ ನಾನೇ ಮಾಡಬಲ್ಲೆ ಅಂತ ಈಗ ಗೊತ್ತಾಯ್ತು."

"ಮಾಡಿ," ಎಂದು ಅವರು ನಕ್ಕರು. "ನಿಮ್ಮ ಹಾಗೆ ಧೈರ್ಯ ಎಲ್ಲರೂ ಮಾಡಿದ್ರೆ ನಾನು ಕಟ್ಟೆ ಮೇಲೆ ಕೂರಬೇಕಾಗುತ್ತೆ. ಜನ ಮಾಡಲ್ಲ, ಅದಕ್ಕೇ ನನ್ನ ಹೊಟ್ಟೆ ತುಂಬ್ತಿದೆ." ಆಮೇಲೆ ನಗು ನಿಲ್ಲಿಸಿ ಕೇಳಿದರು: "ಅವರ ದಿಂಬಿನ ಮೇಲೆ ನೀವು ಮಲಗಿದ್ರಿ. ನಿಮ್ಮ ದಿಂಬಿನ ಮೇಲೆ ಯಾರು ಮಲಗ್ತಾರೆ ಮೇಡಂ?"

"ನನ್ನ ಕನಸು ನನಗೆ ಗೊತ್ತಲ್ಲ."

"ಹೌದಾ?" ಎಂದರು ಅಷ್ಟೇ.

ನನ್ನ ಕನಸು ನನಗೆ ಗೊತ್ತಿತ್ತು. ಒಂದೇ ಕನಸು. ಕೆರೆಯ ದಂಡೆ, ಕಟ್ಟೆ, ಅಮ್ಮ. ನಾನು ತುಂಬಿದ ಕಾಫಿ ಲೋಟ ಹಿಡಿದು ಚೆಲ್ಲದ ಹಾಗೆ ನಡೆಯುತ್ತಿರುತ್ತೇನೆ. ಎಷ್ಟು ನಡೆದರೂ ಕಟ್ಟೆ ಹತ್ತಿರವಾಗುವುದಿಲ್ಲ, ಲೋಟದ ಬಿಸಿ ಮಾತ್ರ ಕೈಗೆ ಕಡಿಮೆಯಾಗುತ್ತ ಬರುತ್ತದೆ. ಇದನ್ನು ನಾನು ಇವರಿಗೆ ಒಂದು ದಿನವೂ ಹೇಳಿರಲಿಲ್ಲ. ಹೇಳಿದರೆ ಆ ಕಟ್ಟೆ ನಮ್ಮ ಮನೆಯೊಳಗೇ ಬಂದುಬಿಡುತ್ತದೆಂದು ಅಂಜಿಕೆ.

ಮನೆಗೆ ಬಂದು, ಊಟವಾದ ಮೇಲೆ, ನೀಲಿ ದಾರದ ದಿಂಬೊಂದನ್ನು ತಂದು ಇವರ ಮುಂದಿಟ್ಟೆ. "ನೀವೂ ಒಂದ್ ಸಲ ನೋಡಿ," ಎಂದೆ. ಇವರು ಬಹಳ ಹೊತ್ತು ಆ ಹೊಲಿಗೆಯ ಮೇಲೆ ಬೆರಳಾಡಿಸಿದರು. "ಬೇಡ ಕಣೇ," ಎಂದರು. "ನೋಡ್ಲೇಬೇಕು. ಒಂದೇ ಕಡೆಯ ಅಳತೆ ಅಳತೆಯಲ್ಲ," ಎಂದೆ. ಕೈಕಾಲು ತೊಳೆದು ಬಂದು, ದೇವರಿಗೆ ಹೋಗುವವರ ಹಾಗೆ ಅಂಗಿ ಬದಲಾಯಿಸಿ, ಮಲಗಿದರು.

ನಾನು ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಕೂತೆ, ಎಂದಿನಂತೆ ಮಡಿಲಲ್ಲೊಂದು ದಿಂಬು. ಕಿಟಕಿಯ ಬಿಸಿಲು ಗೋಡೆಯಿಂದ ಮಂಚಕ್ಕೆ ಇಳಿಯಿತು. ಇವರ ಬಲಗೈ ಮಗುಚಿಕೊಂಡು, ಬೆರಳುಗಳು ಏನನ್ನೋ ಹಿಡಿದಂತೆ ಬಾಗಿದವು. ಲೋಟ. ನನಗೆ ಎದ್ದು ಹೋಗಬೇಕೆನ್ನಿಸಿತು. ಮೂವತ್ತು ವರ್ಷ ಒಬ್ಬಳೇ ಹಿಡಿದಿದ್ದ ಲೋಟ ಇನ್ನೊಬ್ಬರ ಕೈಯಲ್ಲಿರುವುದನ್ನು ಕೂತು ನೋಡುವುದು ಸುಲಭವಲ್ಲ.

ಬಿಸಿಲು ನೆಲಕ್ಕೆ ಬಂದಾಗ ಇವರಿಗೆ ಎಚ್ಚರವಾಯಿತು. ಚಾವಣಿ ನೋಡುತ್ತ ಸುಮ್ಮನೆ ಮಲಗಿದ್ದರು. ಕಣ್ಣಂಚು ಒದ್ದೆಯಾಗಿತ್ತು.

"ಅತ್ತೆ ಎಡಗಡೆ ಮೂಗುಬೊಟ್ಟು ಹಾಕ್ತಿದ್ರಾ?" ಎಂದರು.

"ಹೌದು," ಎಂದೆ. ನಾನು ಇವರಿಗೆ ಹೇಳಿರದ ಮಾತು.

"ನಗ್ತಿದಾರೆ ಕಣೇ."

"ಯಾರು?"

"ಅತ್ತೆ. ನೀನು ಬರ್ತಿರೋದನ್ನ ನೋಡಿ ನಗ್ತಾ ಕೂತಿದಾರೆ. ಮೊದಲಿಂದ ಕೊನೇವರೆಗೂ."

"ಇಲ್ಲ," ಎಂದೆ. "ನಾನು ಎಷ್ಟು ಸಲ ಕಂಡಿದೀನಿ ಆ ಕನಸು. ನಗಲ್ಲ ಅವಳು."

"ನೀನು ಲೋಟ ನೋಡ್ತಾ ನಡೀತಿದ್ದೆ ಮಂಗಳಾ," ಎಂದರು ಇವರು. "ಚೆಲ್ಲುತ್ತೇನೋ, ಆರುತ್ತೇನೋ ಅಂತ ಬರೀ ಲೋಟಾನೇ. ನಾನು ಅವರನ್ನ ಯಾವತ್ತೂ ನೋಡಿರ್ಲಿಲ್ವಲ್ಲ, ಅದಕ್ಕೇ ತಲೆ ಎತ್ತಿ ಮುಖ ನೋಡ್ದೆ."

ಹೊರಗೆ ಯಾರೋ ಹೊಸ ಬೂರುಗದ ಹತ್ತಿ ಮಾರುತ್ತ ಕೂಗಿಕೊಂಡು ಹೋದರು.

ಇವರು ಎದ್ದು ಮಂಚ ಬಿಟ್ಟುಕೊಟ್ಟರು. ನಾನು ಮಡಿಲಲ್ಲಿದ್ದ ದಿಂಬನ್ನು ತೆಗೆದು ಕುರ್ಚಿಯ ಮೇಲಿಟ್ಟೆ. ಅರ್ಧ ತುಂಬಿದ ದಿಂಬು, ಹಗುರವಾಗಿಯೇ ಇತ್ತು, ಹಾಗೆಯೇ ಇರಲಿ. ನನ್ನ ಹೊಸ ಲೆಕ್ಕದ ಪ್ರಕಾರ ನಮ್ಮ ಕೋಣೆ ನನ್ನ ಎಂಬತ್ತೇಳನೆಯ ವಯಸ್ಸಿನಲ್ಲಿ ಖಾಲಿಯಾಗುತ್ತದೆ. ಇವರಿಗೂ ಇನ್ನೆರಡು ಗಂಟೆ ಹೆಚ್ಚು ಕೊಟ್ಟರೆ ಅದಕ್ಕೂ ಮುಂಚೆ. ಆಮೇಲೆ ಕೆರೆಯ ದಂಡೆಯಲ್ಲಿ ಆ ಕಟ್ಟೆ ಇದ್ದೇ ಇದೆ. ಲೆಕ್ಕವನ್ನು ನಾನು ತಿದ್ದಲಿಲ್ಲ, ಅದು ಸರಿಯಾಗಿಯೇ ಇದೆ.

ತಲೆಯ ಕೆಳಗೆ ಏನೂ ಇಡದೆ, ಕೈ ಮಡಚಿಕೊಂಡು ಮಲಗಿದೆ. ನಿದ್ದೆ ತಾನಾಗಿಯೇ, ಯಾರನ್ನೂ ಕೇಳದೆ, ಕಾಲಿನ ಕಡೆಯಿಂದ ಏರತೊಡಗಿತು. ಅದು ಪೂರ್ತಿ ಮುಚ್ಚುವ ಮುಂಚೆ ಇವರು ಕೋಣೆಯಿಂದ ಹೊರಗೆ ಹೋಗುವುದು ಕೇಳಿಸಿತು. ನಡುಮನೆ ದಾಟಿ ಬಾಗಿಲವರೆಗೂ ಹೋದರು. ಆ ಸಡಿಲ ಚಪ್ಪಡಿಯ ಸದ್ದಿಗೆ ನಾನು ಕಾದೆ. ಬರಲಿಲ್ಲ. ಇವರು ಅದನ್ನು ಬಳಸಿಕೊಂಡು, ಮೆಲ್ಲಗೆ, ಪಕ್ಕದ ಕಲ್ಲಿನ ಮೇಲೆ ಕಾಲಿಟ್ಟು ದಾಟಿದ್ದರು.